ಜ್ವರ ಬಿಟ್ಟ ಮೇಲೆ

ದೂರದ ಊರಿಗೆ ಹೊರಡುವವರಿಗೆ ಸಲಹೆ ಹೇಳುವವರು ನಮ್ಮಲ್ಲಿ ಎಂದೂ ಕಡಮೆಯಾಗಿಲ್ಲ. ಕಾಶಿಗೆ ಹೊರಟವನಿಗೆ ದಾರಿಯ ಬುತ್ತಿಯಿಂದ ಹಿಡಿದು ಪಂಡರ ಕಾಟದವರೆಗೆ ಬೀದಿಯೆಲ್ಲ ಸೇರಿ ಉಪದೇಶ ಮಾಡುತ್ತಿದ್ದ ಕಾಲವೊಂದಿತ್ತು. ಈಗ ಕಾಶಿಯ ಸ್ಥಾನಕ್ಕೆ ಸಿಂಗಪುರ, ಅಮೆರಿಕಗಳು ಬಂದಿವೆ. ಉಪದೇಶ ಮಾತ್ರ ಹಾಗೆಯೇ ಉಳಿದಿದೆ. 2024ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ನಾನೂ ನಮ್ಮಾಕೆಯೂ ಮಗಳ ಬಾಣಂತನಕ್ಕೆಂದು ಸಿಂಗಪುರಕ್ಕೆ ಹೊರಡುವ ಸಿದ್ಧತೆಯಲ್ಲಿದ್ದಾಗ ಈ ಮಾತು ನನಗೆ ಚೆನ್ನಾಗಿ ಮನವರಿಕೆಯಾಯಿತು.

ಮೆಂತ್ಯದ ಹಿಟ್ಟು, ಚಟ್ನಿಪುಡಿ, ಅಂಟಿನುಂಡೆಯ ಸಾಮಾನು, ಕೂಸಿಗೆ ಹೊದಿಸಲು ಹಳೆಯ ಮೆತ್ತನೆಯ ಸೀರೆಯ ತುಂಡುಗಳು—ಹೀಗೆ ನಮ್ಮಾಕೆಯ ಪಟ್ಟಿ ದಿನದಿನಕ್ಕೆ ಉದ್ದವಾಗುತ್ತಿತ್ತು. ಒಂದು ರಾತ್ರಿ ಅಳಿಯಂದಿರು ದೂರವಾಣಿಯಲ್ಲಿ, “ಮಾವ, ಇಲ್ಲಿಯೂ ಡೆಂಗಿ ಉಂಟು. ಅತ್ತೆಯವರಿಗೆ ಹಿಂದೆ ಒಮ್ಮೆ ಬಂದಿತ್ತಲ್ಲವೆ? ಲಸಿಕೆ ಏನಾದರೂ ಇದ್ದರೆ ಹಾಕಿಸಿಕೊಂಡೇ ಬನ್ನಿ” ಎಂದರು. ನಾನು “ಆಗಲಿ” ಎಂದು ಕೆಳಗಿಟ್ಟೆ. ಕೈ ಸ್ವಲ್ಪ ನಡುಗಿತು. ಏಕೆಂದು ಮುಂದೆ ಹೇಳುತ್ತೇನೆ.

ಮರುದಿನ ಬೆಳಗ್ಗೆ ಈ ಸುದ್ದಿ ನೆರೆಮನೆಯ ನಿವೃತ್ತ ಮಹನೀಯರ ಕಿವಿಗೆ ಬಿದ್ದಿತು. ಅವರು ಒಮ್ಮೆ ಮಗನನ್ನು ನೋಡಲು ಕೀನ್ಯಾ ದೇಶಕ್ಕೆ ಹೋಗಿಬಂದವರು; ಅಂದಿನಿಂದ ವಿದೇಶಪ್ರಯಾಣದ ವಿಷಯದಲ್ಲಿ ನಮ್ಮ ರಸ್ತೆಗೆಲ್ಲ ಅವರೇ ಪ್ರಮಾಣ. “ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿ, ಹಳದಿ ಪುಸ್ತಕ ತೆಗೆದುಕೊಳ್ಳಿ. ಅದಿಲ್ಲದೆ ವಿಮಾನ ಹತ್ತಿಸುವುದೇ ಇಲ್ಲ. ಡೆಂಗಿಗೂ ಅದೇ ಸಾಕು. ಎರಡಕ್ಕೂ ಸೊಳ್ಳೆ ಒಂದೇ ಅಲ್ಲವೆ?” ಎಂದು ಅಪ್ಪಣೆ ಕೊಡಿಸಿದರು. ಅರ್ಧ ನಿಜವೆಂಬುದು ಪೂರ್ತಿ ಸುಳ್ಳಿಗಿಂತ ಹೆಚ್ಚು ತೊಂದರೆ ಕೊಡುತ್ತದೆ. ಸೊಳ್ಳೆ ಒಂದೇ ಎಂಬುದೇನೋ ದಿಟ. ಆದರೆ ಒಂದೇ ಬಂಡಿಯಲ್ಲಿ ಬಂದರೆಂದ ಮಾತ್ರಕ್ಕೆ ಇಬ್ಬರು ಕಳ್ಳರಿಗೂ ಒಂದೇ ಬೀಗ ಸಾಕಾದೀತೆ?

ಇರಲಿ. ಕೈ ನಡುಗಿದ ಕಾರಣವನ್ನು ಈಗ ಹೇಳಬೇಕು.

2017ರ ಆಗಸ್ಟ್. ಗೌರಿಹಬ್ಬಕ್ಕೆ ನಾಲ್ಕು ದಿನವಿರುವಾಗ ನಮ್ಮಾಕೆಗೆ ಇದ್ದಕ್ಕಿದ್ದಂತೆ ಜ್ವರ ಬಂದಿತು. ತಲೆ ಸಿಡಿಯುವ ನೋವು, ಕಣ್ಣಿನ ಹಿಂದೆ ಯಾರೋ ಒತ್ತಿದಂತಹ ಯಾತನೆ, ಕೀಲುಕೀಲಿನಲ್ಲೂ ಮುರಿತ. ಈ ಕಾಯಿಲೆಗೆ ಇಂಗ್ಲಿಷಿನಲ್ಲಿ ‘ಮೂಳೆ ಮುರಿಯುವ ಜ್ವರ’ ಎಂದೂ ಹೆಸರುಂಟು. 1780ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಇಂತಹ ಜ್ವರ ಹಬ್ಬಿದಾಗ ಬೆಂಜಮಿನ್ ರಶ್ ಎಂಬ ವೈದ್ಯರು ಅದನ್ನು ವರ್ಣಿಸುತ್ತ, ಜನ ಹಾಗೆ ಕರೆಯುತ್ತಿದ್ದುದನ್ನು ಬರೆದಿಟ್ಟಿದ್ದಾರೆ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಅಂದು ನನಗೆ ತಿಳಿದಿದ್ದುದು ಇಷ್ಟೆ: ಹಬ್ಬ ಹತ್ತಿರ ಬಂದಿದೆ, ಮನೆಯಾಕೆ ಮಲಗಿದ್ದಾಳೆ. “ಮಳೆಗಾಲದ ಜ್ವರ, ಮೂರು ದಿನ ಇದ್ದು ಹೋಗುತ್ತದೆ” ಎಂದೆ. ನೋವು ತಡೆಯಲಾರದೆ ನರಳಿದಾಗ, ಹಿಂದೆಂದೋ ನನ್ನ ಮೊಣಕಾಲಿಗೆಂದು ತಂದು ಮೇಜಿನ ಖಾನೆಯಲ್ಲಿಟ್ಟಿದ್ದ ನೋವಿನ ಮಾತ್ರೆಯನ್ನು ಕೊಟ್ಟೆ. ಒಂದಲ್ಲ, ನಾಲ್ಕು.

ಗೌರಿಹಬ್ಬದ ಬೆಳಗ್ಗೆ ಮೈ ಮುಟ್ಟಿ ನೋಡಿದೆ. ಜ್ವರ ಬಿಟ್ಟಿತ್ತು! ನನ್ನ ಸಂತೋಷಕ್ಕೆ ಪಾರವಿಲ್ಲ. “ದೇವಿ ಕಾಪಾಡಿದಳು. ಹಬ್ಬದ ದಿನ ಮಲಗಿರಬಾರದು, ಏಳು. ಹೆಚ್ಚೇನೂ ಬೇಡ, ಒಂದು ತಿಳಿಸಾರು, ಒಂದಿಷ್ಟು ಪಾಯಸ ಮಾಡಿದರೆ ಸಾಕು” ಎಂದೆ. ಅವಳು ಎದ್ದಳು. ನಮ್ಮ ಕಡೆಯ ಹೆಂಗಸರು ಹಾಗೆಯೇ. ಏಳು ಎಂದರೆ ಏಳುತ್ತಾರೆ. ಗೋಡೆ ಹಿಡಿದು ಅಡಿಗೆಮನೆಗೆ ಹೋದಳು. ತಿಳಿಸಾರು ಆಯಿತು, ಪಾಯಸವೂ ಆಯಿತು. ನಾನು ಎರಡು ಬಾರಿ ಬಡಿಸಿಕೊಂಡೆ.

ಸಂಜೆಗೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಮೇಲಿಂದ ಮೇಲೆ ವಾಂತಿ. ಕೂತಲ್ಲಿ ಕೂರಲಾರಳು, ಮಲಗಿದಲ್ಲಿ ಮಲಗಲಾರಳು. ಹಲ್ಲಿನ ಒಸಡಿನಲ್ಲಿ ರಕ್ತ ಕಂಡಿತು. ಕೈಕಾಲು ತಣ್ಣಗಾದವು. ಜ್ವರವಿಲ್ಲದ ಮೈ ತಣ್ಣಗಿದ್ದರೆ ಒಳ್ಳೆಯದೆಂದು ತಿಳಿದ ಮೂಢ ನಾನು. ಆ ತಣ್ಪು ಬೇರೆ ಬಗೆಯದೆಂದು ಗೊತ್ತಾದುದು ಆಸ್ಪತ್ರೆಯಲ್ಲಿ. ಅಲ್ಲಿನ ತರುಣ ವೈದ್ಯರು ನಾಡಿ ಹಿಡಿದವರೇ ಮುಖ ಗಂಭೀರ ಮಾಡಿಕೊಂಡು ಎರಡೇ ಪ್ರಶ್ನೆ ಕೇಳಿದರು. “ಜ್ವರ ಯಾವಾಗ ಬಿಟ್ಟಿತು? ನೋವಿಗೆ ಏನು ಕೊಟ್ಟಿರಿ?” ನಾನು ಮಾತ್ರೆಯ ಹಾಳೆಯನ್ನು ತೋರಿಸಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಅನ್ನಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಡೆಂಗಿಯ ಕಪಟವಿರುವುದೇ ಇಲ್ಲಿ. ಉಳಿದ ಜ್ವರಗಳು ಇಳಿದರೆ ಗಂಡಾಂತರ ಕಳೆದಂತೆ. ಇದರಲ್ಲಿ ಕೆಲವರಿಗೆ ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ, ನಿಜವಾದ ಗಂಡಾಂತರ ಮೊದಲಾಗುತ್ತದೆ. ರಕ್ತದ ನೀರಿನಂಶ ಸೂಕ್ಷ್ಮನಾಳಗಳಿಂದ ಹೊರಕ್ಕೆ ಸೋರಿ, ನಾಳದೊಳಗಿನ ರಕ್ತ ಮಂದವಾಗುತ್ತದೆ. ರಕ್ತದ ಒತ್ತಡ ಕುಸಿಯುತ್ತದೆ. ಆ ಇಪ್ಪತ್ತನಾಲ್ಕರಿಂದ ನಲವತ್ತೆಂಟು ಗಂಟೆಗಳಲ್ಲಿ ಎಚ್ಚರವಾಗಿದ್ದು, ಅಳತೆಯರಿತು ದ್ರವ ಕೊಟ್ಟರೆ ರೋಗಿ ಬದುಕುತ್ತಾನೆ. ಈ ವಿಷವೀಜಕ್ಕೆ ನೇರವಾದ ಔಷಧ ಇಲ್ಲ. ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್ ಒಂದೇ. ಆಸ್ಪಿರಿನ್, ಐಬುಪ್ರೊಫೆನ್ ಮೊದಲಾದುವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು, ಅವನ್ನು ಮುಟ್ಟಲೇಬಾರದು. ನನ್ನ ಖಾನೆಯಲ್ಲಿದ್ದುದು ಆ ಜಾತಿಯದೇ.

ನಮ್ಮಾಕೆ ಬದುಕಿ ಬಂದಳು. ಆರು ದಿನ ಆಸ್ಪತ್ರೆಯಲ್ಲಿದ್ದಳು. ಅದರಲ್ಲಿ ಎರಡು ರಾತ್ರಿಗಳನ್ನು ನಾನು ಬರೆಯಲಾರೆ.

ಮನೆಗೆ ಬಂದ ವಾರಕ್ಕೆ ಆರೋಗ್ಯ ಇಲಾಖೆಯ ಕಾರ್ಯಕರ್ತೆಯೊಬ್ಬಳು ಬಂದಳು. ಎದುರಿಗಿನ ಖಾಲಿ ನಿವೇಶನವನ್ನು ತೋರಿಸಿ, “ನೋಡಮ್ಮ, ಎಳನೀರು ಚಿಪ್ಪು, ಹಳೆಯ ಟೈರು! ಇವರಿಂದ ನಮಗೆ ಈ ಗತಿ” ಎಂದು ನಾನು ಆವೇಶದಿಂದ ಭಾಷಣ ಮಾಡಿದೆ. ಅವಳು ತಾಳ್ಮೆಯಿಂದ ಕೇಳಿ, “ಒಂದು ಸಲ ಒಳಗೂ ನೋಡ್ತೀನಿ ಸಾರ್” ಎಂದಳು. ನಾನು ಬರೆಯುವ ಮೇಜಿನ ಮೇಲೆ ಗಾಜಿನ ಸೀಸೆಯಲ್ಲಿ ಮನಿಪ್ಲಾಂಟ್ ಬಳ್ಳಿಯೊಂದಿತ್ತು. ಅದಕ್ಕೆ ನಾನೇ ಯಜಮಾನ, ಮನೆಯವರಾರೂ ಮುಟ್ಟುವಂತಿರಲಿಲ್ಲ. ನೀರು ಇಂಗಿದಷ್ಟು ತುಂಬಿಸುತ್ತಿದ್ದೆನೇ ಹೊರತು ಚೆಲ್ಲಿ ಬದಲಿಸಿದವನಲ್ಲ. ಅವಳು ಟಾರ್ಚು ಬಿಟ್ಟಳು. ಸ್ವಚ್ಛವಾದ ನೀರಿನಲ್ಲಿ ಹತ್ತಿಪ್ಪತ್ತು ಸೊಳ್ಳೆಮರಿಗಳು ತಲೆಕೆಳಗಾಗಿ ಕುಣಿಯುತ್ತಿದ್ದುವು. ಮೇಜಿನ ಕೆಳಗೆ ಕುಳಿತು ಸೊಪ್ಪು ಬಿಡಿಸುವುದು ನಮ್ಮಾಕೆಯ ಪದ್ಧತಿ. ಫ್ಯಾನಿನ ಗಾಳಿ ಅಲ್ಲಿ ಚೆನ್ನಾಗಿ ಬರುತ್ತದೆ.

ಈಡಿಸ್ ಸೊಳ್ಳೆಗೆ ಚರಂಡಿಯ ಕೊಳಕು ನೀರು ಬೇಕಿಲ್ಲ. ಮರ್ಯಾದಸ್ಥರ ಮನೆಯ ತಿಳಿನೀರು ಅದಕ್ಕೆ ಬಲು ಪ್ರಿಯ. ಕಪ್ಪು ಮೈಗೆ, ಕಾಲಿಗೆ ಬಿಳಿಯ ಪಟ್ಟೆ. ಕಚ್ಚುವುದು ಹಗಲಿನಲ್ಲಿ, ಅದರಲ್ಲಿಯೂ ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುನ್ನ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು ಏಳರಿಂದ ಹತ್ತು ದಿನ. ನೀರಿನ ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ನೀರು ಬಿದ್ದೊಡನೆ ಒಡೆಯಬಲ್ಲವು. ಆದುದರಿಂದ ನೀರು ಚೆಲ್ಲಿದರೆ ಸಾಲದು, ಒಳಬದಿಯನ್ನು ಉಜ್ಜಿ ತೊಳೆಯಬೇಕು. ಆ ಹುಡುಗಿ ಇದನ್ನೆಲ್ಲ ಹೇಳಿ ಹೋದಳು. ನಮ್ಮಾಕೆ ಇಂದಿನವರೆಗೆ ಒಂದು ಮಾತೂ ಆಡಿಲ್ಲ. ಸೀಸೆಯನ್ನು ಮಾತ್ರ ತೊಳೆದು ಒರಸಿ, ಉಪ್ಪಿನಕಾಯಿ ತುಂಬಿಟ್ಟಳು.

ಅಳಿಯಂದಿರ ಮಾತಿಗೆ ಕೈ ನಡುಗಿದ್ದು ಇದಕ್ಕೆ. ಡೆಂಗಿಯ ವೈರಸ್ಸಿನಲ್ಲಿ ನಾಲ್ಕು ಬಗೆಗಳುಂಟು. ಒಂದು ಬಗೆ ಬಂದುಹೋದರೆ ಅದೊಂದರಿಂದ ಬಹುಮಟ್ಟಿಗೆ ಜೀವಮಾನವೆಲ್ಲ ರಕ್ಷಣೆ. ಉಳಿದ ಮೂರರಿಂದ ಕೆಲವು ತಿಂಗಳು ಮಾತ್ರ. ಆಮೇಲೆ ಬೇರೊಂದು ಬಗೆ ಬಂದರೆ, ಹಿಂದೆ ರಕ್ಷಣೆಗೆಂದು ಮೈಯಲ್ಲಿ ಹುಟ್ಟಿದ ಪ್ರತಿಕಾಯಗಳೇ ಹೊಸ ವೈರಸ್ಸು ಜೀವಕೋಶಗಳೊಳಗೆ ನುಗ್ಗಲು ನೆರವಾಗಬಹುದು. ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದಂತೆ. ಎರಡನೆಯ ಸಲದ ಡೆಂಗಿ ಮೊದಲನೆಯದಕ್ಕಿಂತ ಉಗ್ರವಾಗುವ ಸಂಭವ ಹೆಚ್ಚು. ನಮ್ಮಾಕೆಗೆ ಬಂದದ್ದು ನಾಲ್ಕರಲ್ಲಿ ಯಾವುದೆಂದು ಯಾರೂ ನೋಡಿರಲಿಲ್ಲ.

ಪ್ರಯಾಣಕ್ಕೆ ಐದು ವಾರವಿರುವಾಗ ಇಬ್ಬರೂ ನಮ್ಮ ಡಾಕ್ಟರ ಬಳಿಗೆ ಹೋದೆವು. ನೆರೆಮನೆಯವರ ಅಪ್ಪಣೆಯನ್ನು ಮೊದಲು ಒಪ್ಪಿಸಿದೆ. ಡಾಕ್ಟರು ನಕ್ಕರು. “ಹಳದಿ ಜ್ವರ ಇರುವುದು ಆಫ್ರಿಕದ ಮತ್ತು ದಕ್ಷಿಣ ಅಮೆರಿಕದ ದೇಶಗಳಲ್ಲಿ. ನೀವು ಬೆಂಗಳೂರಿನಿಂದ ನೇರವಾಗಿ ಸಿಂಗಪುರಕ್ಕೆ ಹೋಗುವವರು. ನಿಮಗೆ ಅದು ಬೇಡ. ನಿಮ್ಮ ನೆರೆಯವರು ಕೀನ್ಯಾಕ್ಕೆ ಹೋದವರು, ಅವರಿಗೆ ಬೇಕಿತ್ತು. ಹೊರಡುವುದಕ್ಕೆ ಹತ್ತು ದಿನ ಮುಂಚೆಯಾದರೂ ಹಾಕಿಸಬೇಕು. ಹಾಗೆ ಪಡೆದ ಪ್ರಮಾಣಪತ್ರ 2016ರ ಜುಲೈಯಿಂದ ಈಚೆಗೆ ಜೀವಮಾನವೆಲ್ಲ ನಡೆಯುತ್ತದೆ. ಅದಿಲ್ಲದೆ ಆ ದೇಶಗಳಿಂದ ಮರಳುವವರನ್ನು ನಮ್ಮ ಸರಕಾರ ಆರು ದಿನದವರೆಗೆ ಪ್ರತ್ಯೇಕವಾಗಿಡಬಹುದು. ಹಳದಿ ಜ್ವರದ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ, ಜ್ವರ ಮಾತ್ರ ಇಲ್ಲ. ಅದು ಬಾರದಿರಲಿ ಎಂದೇ ಈ ಕಟ್ಟುನಿಟ್ಟು.”

“ಡೆಂಗಿಗೆ?” ಎಂದೆ.

ಡಾಕ್ಟರು ಕುರ್ಚಿಗೆ ಒರಗಿದರು. “ಅದೊಂದು ದೊಡ್ಡ ಕಥೆ, ಯಜಮಾನರೇ. ಮೊದಲನೆಯ ಲಸಿಕೆ ಡೆಂಗ್‌ವಾಕ್ಸಿಯಾ. 2015ರ ಡಿಸೆಂಬರಿನಲ್ಲಿ ಮೆಕ್ಸಿಕೊ ದೇಶ ಒಪ್ಪಿಗೆ ಕೊಟ್ಟಿತು. ಮರುವರ್ಷ ಫಿಲಿಪೈನ್ಸ್ ಸರಕಾರ ಶಾಲೆಯ ಮಕ್ಕಳಿಗೆ ಹಾಕಿಸಲು ಹೊರಟು, ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹಾಕಿಸಿತು. 2017ರ ನವೆಂಬರಿನಲ್ಲಿ ತಯಾರಕರೇ ಒಂದು ವಿಷಯ ಹೊರಗೆಡಹಿದರು: ಹಿಂದೆ ಡೆಂಗಿ ಬಂದವರಿಗೆ ಈ ಲಸಿಕೆ ರಕ್ಷಣೆ, ಎಂದೂ ಬಾರದವರಿಗೆ ಹಾಕಿದರೆ ಮುಂದೆ ಬರುವ ಜ್ವರ ಉಗ್ರವಾಗುವ ಸಂಭವವುಂಟು. ಲಸಿಕೆ ತಾನೇ ಮೊದಲ ಜ್ವರದ ಪಾತ್ರ ವಹಿಸಿಬಿಟ್ಟಿತ್ತು. ಕಾರ್ಯಕ್ರಮ ನಿಂತಿತು. ತಾಯಿತಂದೆಗಳ ಗೋಳನ್ನು ನೀವೇ ಊಹಿಸಿಕೊಳ್ಳಿ. ಉಳಿದ ಲಸಿಕೆಗಳ ಮೇಲೂ ಜನರಿಗಿದ್ದ ನಂಬಿಕೆ ಕುಸಿಯಿತು. 2019ರಲ್ಲಿ ಅಲ್ಲಿ ದಡಾರ ಜೋರಾಗಿ ಹಬ್ಬಿತು.”

ನಮ್ಮಾಕೆ ಮೆಲ್ಲಗೆ, “ಪಾಪ, ಆ ಮಕ್ಕಳು” ಎಂದಳು.

“ಆಮೇಲೆ ಜಪಾನಿನವರ ಕ್ಯುಡೆಂಗಾ ಬಂದಿತು. ಇಂಡೋನೇಷ್ಯ 2022ರ ಆಗಸ್ಟಿನಲ್ಲಿ, ಯೂರೋಪು ಅದೇ ಡಿಸೆಂಬರಿನಲ್ಲಿ ಒಪ್ಪಿದುವು. ಮೂರು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ಪ್ರವಾಸಿಗಳ ವಿಷಯದಲ್ಲಿ ಬ್ರಿಟನ್ನಿನವರ ಸಲಹೆ ಏನು ಗೊತ್ತೆ? ಹಿಂದೆ ಒಮ್ಮೆ ಡೆಂಗಿ ಬಂದವರು, ಡೆಂಗಿಯಿರುವ ನಾಡಿಗೆ ಹೋಗುವುದಾದರೆ, ಹಾಕಿಸಿಕೊಳ್ಳುವುದನ್ನು ಯೋಚಿಸಬಹುದು. ಎಂದರೆ ಈ ಅಮ್ಮನವರಂತಹವರು. ಆದರೆ ಅದು ನಮ್ಮ ದೇಶದಲ್ಲಿ ಈಗ ದೊರೆಯುವುದಿಲ್ಲ. ದೊರೆತರೂ ನಿಮಗಿರುವುದು ಐದೇ ವಾರ. ಇದರಲ್ಲಿ ಬಲಹೀನಗೊಳಿಸಿದ ಜೀವಂತ ವೈರಸ್ಸು ಇರುವುದರಿಂದ ಬಸುರಿಯರಿಗೂ ಮೊಲೆಯೂಡುವವರಿಗೂ ಕೊಡುವಂತಿಲ್ಲ. ನಿಮ್ಮ ಮಗಳಿಗೂ ಇಲ್ಲವೆಂದಾಯಿತು. ನಮ್ಮಲ್ಲಿಯೇ ತಯಾರಾದ, ಒಂದೇ ಚುಚ್ಚಿನ ಲಸಿಕೆಯ ಮೂರನೆಯ ಹಂತದ ಪರೀಕ್ಷೆ ಈ ಆಗಸ್ಟಿನಲ್ಲಿ ಆರಂಭವಾಗಿದೆ. ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸೇರಿಸಿಕೊಂಡು ಎರಡು ವರ್ಷ ನೋಡುತ್ತಾರಂತೆ. ಕಾಯಬೇಕು.”

“ಹಾಗಾದರೆ ನಾವು ಬರಿಗೈಯಲ್ಲಿ ಹೋಗುವುದೇ?” ಎಂದಳು ನಮ್ಮಾಕೆ.

“ಬರಿಗೈ ಏಕಮ್ಮಾ? ನೀವು ಎತ್ತಿಕೊಳ್ಳಲು ಹೊರಟಿರುವುದು ಹಸುಗೂಸನ್ನು. ಕೂಸಿಗೆ ನಾಯಿಕೆಮ್ಮು ಬಂದರೆ ಪ್ರಾಣಾಪಾಯ; ಅದು ಬರುವುದು ಸಾಮಾನ್ಯವಾಗಿ ಮನೆಯ ದೊಡ್ಡವರಿಂದಲೇ. ನಿಮ್ಮಿಬ್ಬರಿಗೂ ನಾಯಿಕೆಮ್ಮು, ಧನುರ್ವಾಯು, ಗಂಟಲಮಾರಿ ಸೇರಿದ ಚುಚ್ಚುಮದ್ದೊಂದನ್ನು ಇಂದೇ ಕೊಡುತ್ತೇನೆ. ಫಲ ಕೊಡಲು ಎರಡು ವಾರ ಬೇಕು. ಫ್ಲೂ ಜ್ವರದ್ದು ಇನ್ನೊಂದು. ಲಸಿಕೆಯ ವಿಚಾರವನ್ನು ಹೊರಡುವ ಹಿಂದಿನ ದಿನ ಕೇಳಬಾರದು, ನಾಲ್ಕಾರು ವಾರ ಮೊದಲೇ ಕೇಳಬೇಕು. ಎಲ್ಲಿಗೆ, ಎಷ್ಟು ದಿನ, ವಯಸ್ಸೆಷ್ಟು, ಹಿಂದೆ ಏನು ಕಾಯಿಲೆ ಎಂಬುದರ ಮೇಲೆ ಒಬ್ಬೊಬ್ಬರ ಪಟ್ಟಿ ಒಂದೊಂದು ಬಗೆ. ಡೆಂಗಿಗೆ ಸದ್ಯಕ್ಕೆ ಲಸಿಕೆಯೆಂದರೆ ತುಂಬುತೋಳಿನ ರವಿಕೆ, ಕಾಲುಚೀಲ, ಸೊಳ್ಳೆ ಸುಳಿಯದಂತೆ ಹಚ್ಚಿಕೊಳ್ಳುವ ಮುಲಾಮು. ಇನ್ನೊಂದು ಮಾತು. ಸುರಕ್ಷಿತ ಊರಿನಿಂದ ಅಪಾಯದ ಊರಿಗೆ ಹೋಗುತ್ತಿದ್ದೇವೆಂದು ತಿಳಿಯಬೇಡಿ. ಈಡಿಸ್ ಸೊಳ್ಳೆ ತನ್ನ ಆಯುಷ್ಯದಲ್ಲಿ ಕೆಲವು ನೂರು ಮೀಟರ್ ಹಾರಿದರೆ ಹೆಚ್ಚು. ಡೆಂಗಿಯನ್ನು ದೇಶದಿಂದ ದೇಶಕ್ಕೆ ಹೊತ್ತೊಯ್ಯುವುದು ನಾವು. ಕಚ್ಚಿಸಿಕೊಂಡ ನಾಲ್ಕರಿಂದ ಹತ್ತು ದಿನಕ್ಕೆ ಜ್ವರ. ಇಲ್ಲಿ ಕಚ್ಚಿಸಿಕೊಂಡು ಅಲ್ಲಿ ಮಲಗಬಹುದು.”

ಅದೇ ತಿಂಗಳು ನಮ್ಮ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಎಡೆಗೊಟ್ಟ ಮನೆಗಳಿಗೆ ನಗರಗಳಲ್ಲಿ 400, ಹಳ್ಳಿಗಳಲ್ಲಿ 200 ರೂಪಾಯಿ ದಂಡ ವಿಧಿಸಿತು. ನೆರೆಮನೆಯವರು ಪತ್ರಿಕೆ ಹಿಡಿದು, “ಇದೇನು ಅನ್ಯಾಯ!” ಎಂದು ಸಿಡುಕಿದರು. ನಾನು ಸುಮ್ಮನಿದ್ದೆ. ನನ್ನ ಸೀಸೆಗೆ ನಾನು ತೆತ್ತ ದಂಡದ ಲೆಕ್ಕ ನನಗೆ ಗೊತ್ತು.

ಸಿಂಗಪುರದಲ್ಲಿ ನನಗೆ ಮೊದಲು ಎದ್ದು ಕಂಡದ್ದು ಎತ್ತರದ ಕಟ್ಟಡಗಳಲ್ಲ. ಮಗಳ ಮನೆಯ ಬೀದಿಯಲ್ಲಿ ತೂಗುಹಾಕಿದ್ದ ಬಣ್ಣದ ಪತಾಕೆ. ಹತ್ತಿರಹತ್ತಿರದ ಮನೆಗಳಲ್ಲಿ ಡೆಂಗಿ ಕಾಣಿಸಿಕೊಂಡರೆ ಹಳದಿ, ಹತ್ತು ಅಥವಾ ಹೆಚ್ಚು ಮಂದಿಗೆ ಬಂದರೆ ಕೆಂಪು. ನಮ್ಮ ಬೀದಿಯದು ಹಳದಿ. 2020ರಲ್ಲಿ ಆ ಚಿಕ್ಕ ದೇಶದಲ್ಲಿ 35 ಸಾವಿರಕ್ಕೂ ಹೆಚ್ಚು ಮಂದಿಗೆ ಡೆಂಗಿ ಬಂದಿತ್ತಂತೆ. ಅಷ್ಟು ಶುಚಿಯಾದ ಊರಿನಲ್ಲೂ! ಶುಚಿಯೇ ಬೇರೆ, ನಿಂತ ನೀರೇ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅಧಿಕಾರಿಗಳು ಮನೆಮನೆಗೆ ಬಂದು ಹೂಕುಂಡದ ತಟ್ಟೆ, ಬಕೆಟ್ಟಿನ ಅಂಚು, ಬಟ್ಟೆ ಒಣಹಾಕುವ ಬಿದಿರುಗಳ ಕೊಳವೆಯವರೆಗೆ ನೋಡುತ್ತಾರೆ. ಮರಿ ಕಂಡರೆ ದಂಡ. ಅಷ್ಟೇ ಅಲ್ಲ, ಅಲ್ಲಿನ ಸರಕಾರ ತಾನೇ ಸೊಳ್ಳೆ ಸಾಕಿ ಬೀದಿಗೆ ಬಿಡುತ್ತದೆ! ಅಳಿಯಂದಿರು ಹೇಳಿದಾಗ ಹಾಸ್ಯವೆಂದುಕೊಂಡೆ. ವೋಲ್ಬಾಕಿಯ ಎಂಬ ಅಣುಜೀವಿಯನ್ನು ಮೈಯಲ್ಲಿ ಹೊತ್ತ ಗಂಡುಸೊಳ್ಳೆಗಳು ಅವು. ಗಂಡುಸೊಳ್ಳೆ ಕಚ್ಚುವುದಿಲ್ಲ. ಅವು ಊರಿನ ಹೆಣ್ಣುಸೊಳ್ಳೆಗಳನ್ನು ಕೂಡಿದರೆ ಆ ಮೊಟ್ಟೆಗಳು ಒಡೆಯುವುದಿಲ್ಲ, ಸಂತತಿ ಕುಗ್ಗುತ್ತದೆ. ಮುಳ್ಳನ್ನು ಮುಳ್ಳಿನಿಂದ ತೆಗೆಯುವುದೆಂದರೆ ಇದೇ.

ನಾವು ಹೋದ ಐದನೆಯ ದಿನ ಮಗಳಿಗೆ ಹೆಣ್ಣುಮಗು ಹುಟ್ಟಿತು. ಒಂಬತ್ತನೆಯ ದಿನ ನಮ್ಮಾಕೆಗೆ ಜ್ವರ ಬಂದಿತು.

ಬೆಂಗಳೂರಿನ ಸೊಳ್ಳೆಯೋ, ಸಿಂಗಪುರದ ಸೊಳ್ಳೆಯೋ, ಅಥವಾ ಸೊಳ್ಳೆಯೇ ಅಲ್ಲವೋ? ಯಾರು ಬಲ್ಲರು! ಏಳು ವರ್ಷದ ಹಿಂದಿನ ಆ ರಾತ್ರಿಗಳು ಮತ್ತೆ ಎದ್ದು ಬಂದು ನನ್ನ ಮುಂದೆ ನಿಂತವು. ಆದರೆ ಈ ಸಲ ನಾನು ಹಳೆಯ ಮೂಢನಾಗಿರಲಿಲ್ಲ. ಪ್ಯಾರಾಸಿಟಮಾಲ್ ಹೊರತು ಬೇರೇನನ್ನೂ ಕೊಡಲಿಲ್ಲ. ಗಂಜಿ, ಎಳನೀರು, ಹಣ್ಣಿನ ರಸ. ಜ್ವರದ ದಿನಗಳಲ್ಲಿ ರೋಗಿಯನ್ನು ಕಚ್ಚಿದ ಸೊಳ್ಳೆ ಮನೆಯ ಉಳಿದವರಿಗೆ ಹರಡೀತೆಂದು ಅವಳನ್ನು ಹಗಲಿನಲ್ಲೂ ಸೊಳ್ಳೆಪರದೆಯೊಳಗೆ ಇರಿಸಿದೆವು. ಪರದೆಯೊಳಗಿಂದ ಅವಳು ಮೊಮ್ಮಗಳ ಅಳುವನ್ನು ಕೇಳುತ್ತ, “ರೀ, ಕೂಸಿಗೆ ಹಸಿವೋ ಏನೋ, ನೋಡಿ” ಎನ್ನುವಳು. ತನ್ನ ಜ್ವರದ ಮಾತು ಒಂದಿಲ್ಲ.

ವೈದ್ಯರು ರಕ್ತ ನೋಡಿದರು. ಡೆಂಗಿಯ ಪರೀಕ್ಷೆ ‘ಇಲ್ಲ’ ಎಂದಿತು. ಆದರೂ ಅವರು, “ಹಿಂದೊಮ್ಮೆ ಬಂದವರಲ್ಲಿ ಈ ಪರೀಕ್ಷೆ ಕೆಲವು ಸಲ ತಪ್ಪು ಹೇಳುವುದುಂಟು; ದಿನವೂ ರಕ್ತಕಣಗಳನ್ನು ನೋಡೋಣ” ಎಂದರು. ಪ್ರಯಾಣದ ವಿಮೆ ಮಾಡಿಸಿರದಿದ್ದರೆ ಆ ಲೆಕ್ಕದ ಚೀಟಿಗಳನ್ನು ನೋಡಿ ನನಗೂ ಜ್ವರ ಬರುತ್ತಿತ್ತು.

ಮೂರನೆಯ ದಿನ ಬೆಳಗ್ಗೆ ಮೈ ಮುಟ್ಟಿದೆ. ಜ್ವರ ಬಿಟ್ಟಿತ್ತು.

ಅಳಿಯಂದಿರು, “ಸದ್ಯ, ಗೆದ್ದೆವು ಮಾವ” ಎಂದರು. ನಾನು ಕುರ್ಚಿಯನ್ನು ಹಾಸಿಗೆಯ ಬಳಿಗೆ ಎಳೆದುಕೊಂಡೆ. “ಇಲ್ಲ, ಕಾವಲು ಈಗ ಶುರು” ಎಂದೆ. ಎರಡು ಹಗಲು, ಎರಡು ರಾತ್ರಿ ಅಲ್ಲಿಯೇ ಕುಳಿತೆ. ಹೊಟ್ಟೆ ನೋಯುತ್ತದೆಯೇ? ವಾಂತಿ ಬರುವಂತಿದೆಯೇ? ಒಸಡು ತೋರಿಸು. ಕೈ ಕೊಡು, ತಣ್ಣಗಿದೆಯೇ? ಮೂತ್ರಕ್ಕೆ ಎಷ್ಟು ಸಲ ಹೋದೆ? ಗಂಟೆಗಂಟೆಗೂ ಇದೇ ಪ್ರಶ್ನೆ. ಕೊನೆಗೆ ಅವಳಿಗೇ ಬೇಸರವಾಗಿ, “ಅಯ್ಯೋ, ಆಸ್ಪತ್ರೆಯ ದಾದಿಯರೇ ವಾಸಿ” ಎಂದಳು. ರಕ್ತಕಣಗಳು ಇಳಿಯಲಿಲ್ಲ. ಯಾವುದೋ ಸಾಮಾನ್ಯ ಜ್ವರ, ಬಂದಂತೆ ಹೋಗಿತ್ತು.

ಮೂರನೆಯ ಬೆಳಗ್ಗೆ ಅಡಿಗೆಮನೆಗೆ ಹೋಗಿ ನಾನು ತಿಳಿಸಾರು ಮಾಡಿದೆ. ಜೀವಮಾನದಲ್ಲಿ ಮೊದಲನೆಯದು. ಹುಳಿ ಹೆಚ್ಚಾಗಿತ್ತು, ಉಪ್ಪು ಮರೆತಿತ್ತು. ಒಂದು ಲೋಟ ತಂದು ಕೈಗೆ ಕೊಟ್ಟೆ. ಅವಳು ಕುಡಿದಳು, ಲೋಟದ ತಳವನ್ನೇ ಸ್ವಲ್ಪ ಹೊತ್ತು ನೋಡಿ, “ಗೌರಿಹಬ್ಬದ ಸಾರು ನೆನಪಾಯಿತೇನು?” ಎಂದಳು. ಏಳು ವರ್ಷದಲ್ಲಿ ಅದೊಂದೇ ಮಾತು. ನಾನು ತಲೆ ತಗ್ಗಿಸಿದೆ. “ಇನ್ನೊಂದು ಲೋಟ ಇದ್ದರೆ ಕೊಡಿ. ಸ್ವಲ್ಪ ಉಪ್ಪು ಹಾಕಿ” ಎಂದಳು.

ಊರಿಗೆ ಮರಳಿದ ಮೇಲೆ ಎರಡು ವಾರ ನಮ್ಮನ್ನು ನಾವೇ ಗಮನಿಸಿಕೊಂಡೆವು. ಆ ಅವಧಿಯಲ್ಲಿ ಜ್ವರ ಬಂದರೆ ಎಲ್ಲಿಗೆ ಹೋಗಿದ್ದೆವೆಂಬುದನ್ನು ಡಾಕ್ಟರಿಗೆ ಮೊದಲೇ ಹೇಳಬೇಕಂತೆ. 2025ರ ನವೆಂಬರಿನಲ್ಲಿ ಬ್ರೆಜಿಲ್ ದೇಶ ತನ್ನದೇ ಆದ ಒಂದೇ ಚುಚ್ಚಿನ ಲಸಿಕೆಗೆ ಒಪ್ಪಿಗೆ ಕೊಟ್ಟ ಸುದ್ದಿ ಓದಿ ಸಂತೋಷವಾಯಿತು. ನಮ್ಮ ಮೊಮ್ಮಗಳು ದೊಡ್ಡವಳಾಗುವ ವೇಳೆಗೆ ಎಲ್ಲೆಡೆಯೂ ಅಂತಹದೊಂದು ಸುಲಭವಾಗಿ ದೊರೆಯಲೆಂದು ಹಾರೈಸುತ್ತೇನೆ. ಅಲ್ಲಿಯವರೆಗೆ ಪ್ರತಿ ಭಾನುವಾರ ಬೆಳಗ್ಗೆ ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡಗಳ ತಟ್ಟೆ, ಮಹಡಿಯ ತೊಟ್ಟಿಯ ಮುಚ್ಚಳ—ಇವು ನನ್ನ ಪಾಲಿನ ಕೆಲಸ. ನೆರೆಮನೆಯ ಮಹನೀಯರು ಕಾಂಪೌಂಡಿನ ಆಚೆಯಿಂದ ನೋಡಿ ನಗುತ್ತಾರೆ. ಮೊನ್ನೆ ಅವರ ವರಾಂಡದಲ್ಲಿ ಹೊಸದಾಗಿ ಗಾಜಿನ ಸೀಸೆಯೊಂದರಲ್ಲಿ ಹಸಿರು ಬಳ್ಳಿಯೊಂದು ಕಂಡಿತು. ಸಲಹೆ ಹೇಳುವುದು ನನ್ನ ಸ್ವಭಾವವಲ್ಲ. ಆದರೂ ಟಾರ್ಚು ಹಿಡಿದು ಗೇಟು ತೆರೆದೆ.